ಕರಿ ಟ್ರಂಕಿನ ಇನ್ನೊಂದು ಹಿಡಿಕೆ

ಅದು ನನ್ನ ಸ್ವಂತ ಟೆಂಪೊದ ಮೊದಲ ದೊಡ್ಡ ಕೆಲಸ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ವಿಜಯಪುರದ ಕಡೆಯಿಂದ ರಾಜ್ಯದ ಗಡಿ ದಾಟಿ ಕಲ್ಯಾಣಕ್ಕೆ ಬಂದವನು ನಾನು. ಮಂದಿಯ ಮನೆ ಸಾಮಾನು ಹೊತ್ತು ಹೊತ್ತೇ ಟೆಂಪೊ ಕೊಂಡವನು. ಆಗಿನ್ನೂ ಖಾರಘರದ ಗುಡ್ಡದ ಕೆಳಗೆ ಕಟ್ಟಡಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ಅಲ್ಲಿನ ಹೊಸ ಕಟ್ಟಡದ ಎಂಟನೇ ಮಾಳಿಗೆಗೆ ನಿವೃತ್ತ ಜನರಲ್ ಒಬ್ಬರ ಮನೆ ಸಾಮಾನು ಏರಿಸಬೇಕಿತ್ತು. ಸಂಜೆ ಆರರ ಮೇಲೆ ಸೊಸೈಟಿಯವರು ಸಾಮಾನು ಒಳಗೆ ಬಿಡುತ್ತಿರಲಿಲ್ಲ. ಅಷ್ಟರೊಳಗೆ ಮುಗಿಸುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪಿದರೆ ಅವರ ಸಾಮಾನು ರಾತ್ರಿಯೆಲ್ಲ ರಸ್ತೆಯಲ್ಲಿ. ಅದರ ಜೊತೆಗೆ ನನ್ನ ಹೆಸರೂ.

ಮಧ್ಯಾಹ್ನ ಲಿಫ್ಟ್ ಕೆಟ್ಟಿತು. ಉಳಿದಿದ್ದವು ಮಿಲಿಟರಿಯ ಕರಿ ಟ್ರಂಕುಗಳು. ನಾಲ್ಕೈದು ಏರಿಸುವಷ್ಟರಲ್ಲಿ ನಮ್ಮ ಕಲಬುರಗಿಯ ಹಮಾಲಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಮಾಲಕ, ಇದರಾಗ ತೋಪು ತುಂಬ್ಯಾರೇನು? ನನ್ನ ಸೊಂಟ ಸರಕಾರದ್ದಲ್ಲ. ನಾ ಒಲ್ಲೆ."

ಉಳಿದ ಹಮಾಲಿಗಳೂ ಅವನ ಪಕ್ಕ ಕುಳಿತರು.

"ಸೊಂಟ ಹಿಡೀತೇನ್ಲೇ ತಮ್ಮಾ? ಸರಿ ಅತ್ಲಾಗ."

ಹೊರಳಿ ನೋಡಿದರೆ ಜನರಲ್ ಸಾಹೇಬರು! ಪಂಜಾಬಿನ ಮನುಷ್ಯ, ಬಾಯಲ್ಲಿ ನಮ್ಮ ಹೊಲದ ಬದುವಿನ ಕನ್ನಡ.

"ಸಾಹೇಬ್ರ, ನಿಮಗ ಕನ್ನಡ ಹೆಂಗ?"

"ನನ್ನ ಮೊದಲ ಪಲ್ಟಣದಾಗ ಎಲ್ಲಾ ನಿಮ್ಮ ಕಡೆ ಹುಡುಗ್ರು. ಅವರ ಮಾತು ಬರಲಿಲ್ಲಂದ್ರ ಹುಕುಂ ಹೆಂಗ ಕೊಡ್ಲಿ? ಭಾಡ್ಯಾಗಳು, ಮೊದಲ ಬೈಗಳಾನೇ ಕಲಿಸಿದ್ರು."

ಅನ್ನುತ್ತಲೇ ಟ್ರಂಕಿನ ಒಂದು ಹಿಡಿಕೆಗೆ ಕೈ ಹಾಕಿದರು. ನಾನು ತಡೆದೆ. "ಬಿಡ್ರಿ ಸಾಹೇಬ್ರ. ಗಿರಾಕಿ ಕೈಲೆ ಹೊರಸಿದ್ರ ನನ್ನ ಮಾನ ಏನು ಉಳೀತು?"

"ನಿಂತು ನೋಡಿದ್ರ ನನ್ನ ಮಾನ ಏನು ಉಳೀತು? ಹಿಡಿ ಆ ಕಡೆ."

ಹಿಡಿದೆ. ಉಸಿರು ಹತ್ತಿದಾಗೊಮ್ಮೆ ಟ್ರಂಕು ಇಳಿಸಿ ನಿಲ್ಲುತ್ತಿದ್ದೆವು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹುದ್ದೆ. ಕರಿ ಬಣ್ಣ ಸವೆದಲ್ಲಿ ಕೆಳಗಿನಿಂದ ಬೇರೆ ಅಕ್ಷರಗಳು ಇಣುಕುತ್ತಿದ್ದವು. ಏನೆಂದು ಕೇಳಿದೆ. ಬಡ್ತಿಯಾದಾಗೆಲ್ಲ ಹಳೆಯದರ ಮೇಲೆ ಬಣ್ಣ ಬಳಿದು ಹೊಸ ಹುದ್ದೆ ಬರೆಸುತ್ತಿದ್ದರಂತೆ. ಸಾಹೇಬರು ಬೆರಳಿಟ್ಟು ತೋರಿಸಿದರು: "ಇದು ಬ್ರಿಗೇಡಿಯರ್. ಇದರ ಕೆಳಗ ಕರ್ನಲ್, ಮೇಜರ್. ಎಲ್ಲಾದರ ತಳದಾಗ ಸೆಕೆಂಡ್ ಲೆಫ್ಟಿನೆಂಟ್. ಅಂವಾ ಇನ್ನೂ ಅಲ್ಲೇ ಅದಾನ."

ಸಾವಿರಾರು ಸಿಪಾಯಿಗಳನ್ನು ಒಂದು ಮಾತಿನಲ್ಲಿ ನಡೆಸಿದ ಮನುಷ್ಯ ನನ್ನೆದುರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಕೆಳಗೆ ನಮ್ಮವರು ಒಬ್ಬೊಬ್ಬರಾಗಿ ಎದ್ದರು.

ಇನ್ನು ಎರಡು ಮೂರು ಟ್ರಂಕಷ್ಟೇ ಉಳಿದಿದ್ದಾಗ ಸಾಹೇಬರ ಹೆಂಡತಿ, ಬಾಯಿಸಾಹೇಬರು, ಮೇಲೆ ಊಟಕ್ಕೆ ಕರೆದರು. ಬಿಸಿ ಅನ್ನ, ರಾಜ್ಮಾ. ಸಾಲಾಗಿ ಕುಳಿತೆವು. ಯಾರೂ ಕೈ ಹಚ್ಚಲಿಲ್ಲ. ಹಿರಿಯರು ತುತ್ತು ಎತ್ತದೆ ಉಣ್ಣುವುದು ನಮ್ಮ ಪದ್ಧತಿಯಲ್ಲ. ಸಾಹೇಬರೋ, ಗೋಡೆಗೊರಗಿ ನಿಂತೇ ಇದ್ದರು. ನಾವು ಅವರನ್ನು ನೋಡುವುದು, ಅವರು ನಮ್ಮನ್ನು ನೋಡುವುದು. ಅನ್ನ ಆರುತ್ತಿತ್ತು, ಹೊತ್ತು ಇಳಿಯುತ್ತಿತ್ತು.

ಕೊನೆಗೆ ಕಲಬುರಗಿಯವನೇ ಬಾಯಿ ಬಿಟ್ಟ. "ನೀವು ಶುರು ಮಾಡ್ರಿ ಸಾಹೇಬ್ರ. ಹಿರ್ಯಾರು."

"ಜವಾನರು ಉಣ್ಣೂದಕ್ಕ ಮೊದಲ ಆಫೀಸರ್ ಉಣ್ಣಂಗಿಲ್ಲೋ."

ಬಾಯಿಸಾಹೇಬರು ನಕ್ಕುಬಿಟ್ಟರು. "ಚಾಲೀಸ್ ಸಾಲ್ ಸೇ ಠಂಡಾ ಖಾನಾ ಖಾ ರಹೇ ಹೈ. ಶುರು ಕರೋ ಭಾಯಿ, ಆಜ್ ತೋ ಇನ್ಹೇ ಗರಮ್ ಖಾನೇ ದೋ!"

ನಲವತ್ತು ವರ್ಷ ತಣ್ಣನೆಯ ಅನ್ನ! ಟ್ರಂಕಿನ ಮೇಲೆ ಎಲ್ಲೂ ಬರೆಯದ ಹುದ್ದೆ ಅದು. ಇವತ್ತಾದರೂ ಅವರು ಬಿಸಿಯದನ್ನು ಉಣ್ಣಲೆಂದು ಗಬಗಬನೆ ಉಂಡೆವು. ನಮ್ಮ ತಾಟು ಖಾಲಿಯಾದ ಮೇಲೆಯೇ ಅವರು ಬಡಿಸಿಕೊಂಡರು.

ಇನ್ನೇನು ಆರು ಹೊಡೆಯುತ್ತದೆ ಅನ್ನುವಾಗ ಕೆಳಗೆ ಒಂದೇ ಒಂದು ಟ್ರಂಕು ಉಳಿದಿತ್ತು. ಸಾಹೇಬರು ತಾಟು ಹಿಡಿದೇ ಇಳಿದುಬಂದರು. ಒಂದು ಹಿಡಿಕೆ ನಾನು ಹಿಡಿದಿದ್ದೆ; ಅಷ್ಟರಲ್ಲಿ ಕಲಬುರಗಿಯವನು ಇನ್ನೊಂದು ಹಿಡಿಕೆಗೆ ಕೈ ಹಾಕಿಯಾಗಿತ್ತು.

"ನಡೀರಿ ಸಾಹೇಬ್ರ," ಅಂದ, "ನಿಮ್ಮದಿನ್ನೂ ಊಟ ಮುಗಿದಿಲ್ಲ."