ಬೆರಿಲ್ ತೊಳೆಯದೆ ಬಿಟ್ಟ ಮೆಟ್ಟಿಲು

ಲಂಡನ್ನಿನ ಪೆಕ್ಕಮ್ಮಿನಲ್ಲಿರುವ ನಮ್ಮ ಕಟ್ಟಡದಲ್ಲಿ ಬೆರಿಲ್‌ಳಷ್ಟು ಹಠಮಾರಿ ಇನ್ನೊಬ್ಬಳಿಲ್ಲ. ಎಂಬತ್ತರ ಹತ್ತಿರ ಬಂದಿದ್ದರೂ ಬೆಳಗಿನ ಚಹಾಕ್ಕೆ ಮುಂಚೆ ಮಾಪು, ಬಕೆಟ್ಟು ಹಿಡಿದು ಮೇಲಿನ ಅಂತಸ್ತಿನಿಂದ ಕೆಳಗಿನ ಬಾಗಿಲವರೆಗೆ ಮೆಟ್ಟಿಲು ತೊಳೆಯುತ್ತಿದ್ದಳು. ಅವಳ ಗಂಡ ರೆಜ್ ಒಂದು ಕಾಲದಲ್ಲಿ ಈ ಕಟ್ಟಡದ ಉಸ್ತುವಾರಿ ನೋಡಿಕೊಳ್ಳಲು ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್, ಇಟ್ಟುಕೊಂಡಿದ್ದ ಆಳು. ಅವನಿದ್ದಾಗ ಮೆಟ್ಟಿಲ ಮೇಲೆ ಊಟ ಬಡಿಸಬಹುದಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಅವನು ತೀರಿಕೊಂಡ ಮೇಲೆ ಕೆಲಸ ಯಾರೋ ಗುತ್ತಿಗೆಯವರ ಪಾಲಾಯಿತು. ಬೆರಿಲ್‌ಳ ಎದುರು ಮನೆಯಲ್ಲೇ ಇರುವ ನಾನು ಒಂದು ದಿನವೂ ಅವರ ಮುಖ ಕಂಡವಳಲ್ಲ. ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು.

ನಾವು ಕೆಲವರು ಕೌನ್ಸಿಲಿನಿಂದ ಮನೆ ಕೊಂಡವರು. ಗೋಡೆಯ ಒಳಗಿನದಷ್ಟೇ ನಮ್ಮದು. ಮೆಟ್ಟಿಲು, ಚಾವಣಿ, ಹೊರಗಿನ ದೀಪ ಎಲ್ಲ ಅವರದು, ಖರ್ಚಿನ ಪಾಲು ಮಾತ್ರ ನಮ್ಮ ತಲೆಗೆ. ಯಾವುದಕ್ಕೆ ಎಷ್ಟಾಯಿತು ತೋರಿಸಿ ಎಂದರೆ ‘ಶುಚಿತ್ವ ಮತ್ತು ಉಸ್ತುವಾರಿ’ ಎಂದು ಒಂದು ಸಾಲು ಬರೆದು ಕಳಿಸುತ್ತಿದ್ದರು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ. ಕೆಳಮನೆಯ ಎಬೋ ಘಾನಾದವನು, ಬಸ್ ಡ್ರೈವರು. ಆ ಬಿಲ್ಲು ಕಟ್ಟಲು ರಜೆಯ ದಿನವೂ ಬಸ್ಸು ಓಡಿಸುತ್ತಿದ್ದ. ಅವನೇ ಹಟ ಹಿಡಿದು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ ಕೌನ್ಸಿಲಿನವರು ರಸೀದಿ, ಪುರಾವೆ ತೋರಿಸಲು ಒಪ್ಪಿದರು. ಎಬೋ, ಬೆರಿಲ್, ನಾನು ಮೂವರೂ ಅವರ ಕಚೇರಿಗೆ ಹೋದೆವು.

ಪುರಾವೆಯೆಂದರೆ ಫೋಟೋಗಳು. ಯಾರೋ ಆಗಾಗ ಬಂದು ನಮ್ಮ ಮೆಟ್ಟಿಲ ಫೋಟೋ ಹೊಡೆದುಕೊಂಡು ಹೋಗಿದ್ದರು. ಎಲ್ಲ ಫಳಫಳ. ಇಷ್ಟು ಚೆನ್ನಾಗಿ ತೊಳೆಯುತ್ತಿರುವಾಗ ನಿಮ್ಮ ದೂರೇನು ಎಂದು ಅಧಿಕಾರಿಣಿ ಕೇಳಿದಳು. ಎಬೋ ಮೆಲ್ಲಗೆ ಬೆರಿಲ್ ಕಡೆ ತಿರುಗಿದ.

“ಅದು ನಾನು ತೊಳ್ದಿದ್ದು ಕಣಮ್ಮ,” ಎಂದಳು ಬೆರಿಲ್, ಕಳವು ಮಾಡಿ ಸಿಕ್ಕಿಬಿದ್ದವಳ ಹಾಗೆ.

ನಂಬುವವರು ಯಾರು? ಪುಣ್ಯಾತ್ಗಿತ್ತಿ, ತನ್ನ ಬೆವರಿಗೆ ತಾನೇ ದುಡ್ಡು ಕಟ್ಟಿದ್ದಲ್ಲದೆ ನಮ್ಮೆಲ್ಲರ ಕೈಯಲ್ಲೂ ಕಟ್ಟಿಸಿದ್ದಳು. ಕೊನೆಗೆ ಅಧಿಕಾರಿಣಿ, ಮುಂದಿನ ತಿಂಗಳು ತಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದಳು.

“ಆಂಟಿ, ಅಲ್ಲೀವರೆಗೂ ನೀವು ಮಾಪ್ ಮುಟ್ಬೇಡಿ. ಕೊಳೆ ಇದ್ರೇನೇ ನಾವು ಗೆಲ್ಲೋದು,” ಎಂದ ಎಬೋ, ಬರುವ ದಾರಿಯಲ್ಲಿ.

ಸಂಜೆ ಬೆರಿಲ್ ನನ್ನ ಅಡುಗೆಮನೆಯಲ್ಲಿ ಕೂತು ಬಾಯಿ ಬಿಟ್ಟಳು.

“ಅದೊಂದೇ ಹೊತ್ತು ಕಣೆ, ರೆಜ್ ನನ್ ಜೊತೆ ಇರೋದು. ಮಾಪ್ ಹಿಡ್ಕೊಂಡು ಇಳಿಯೋಕೆ ಶುರು ಮಾಡಿದ್ರೆ ಹಿಂದೇನೇ ಬೈಕೊಂಡು ಬರ್ತಾನೆ, ಮೂಲೆ ಬಿಟ್ಟೆ, ನೀರು ಜಾಸ್ತಿ ಸುರಿದೆ ಅಂತ. ಮನೇಲಿ ಕೂತ್ರೆ ಮಾತೇ ಆಡಲ್ಲ ಅವನು.”

ಬೇಡವಾದರೆ ಬಿಡು, ಎಬೋಗೆ ನಾನು ಹೇಳುತ್ತೇನೆ ಎಂದೆ. ಅವನ ಮಕ್ಕಳು ಭಾನುವಾರ ಅಪ್ಪನ ಮುಖ ನೋಡಿ ಎಷ್ಟು ಕಾಲವಾಯಿತೋ ಎಂದು ಅವಳೇ ಅಂದು, ಎದ್ದು ಹೋದಳು.

ಮಾರನೆಯ ದಿನದಿಂದ ಮಾಪು ಮುಟ್ಟಲಿಲ್ಲ. ವಾರ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೋಳಿ ಮೂಳೆ, ಸಿಗರೇಟು ತುಂಡು, ಯಾರದೋ ನಾಯಿಯ ಉಚ್ಚೆ. ಬೆರಿಲ್ ಗೋಡೆ ಹಿಡಿದು, ಕಾಲಕೆಳಗೆ ನೋಡದೆ ಇಳಿಯುತ್ತಿದ್ದಳು. ಒಮ್ಮೆ ಅವಳು ಬಗ್ಗಿ ಚಿಪ್ಸಿನ ಪೊಟ್ಟಣ ಎತ್ತಿಕೊಂಡದ್ದನ್ನು ನಾನು ಕಂಡೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತವಳು ಅದನ್ನು ಮತ್ತೆ ಇದ್ದಲ್ಲೇ ಇಟ್ಟಳು.

ಅಧಿಕಾರಿಣಿ ಮೂಗಿಗೆ ಸ್ಕಾರ್ಫು ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ಆಮೇಲೆ ಎಲ್ಲ ಸರಾಗ. ಕಟ್ಟಿದ್ದರಲ್ಲಿ ಒಂದಿಷ್ಟು ವಾಪಸು ಬಂತು, ಇನ್ನು ಮುಂದೆ ಯಾರು ಯಾವಾಗ ಬಂದು ಏನು ಮಾಡಿದರು ಎಂಬ ಲೆಕ್ಕ ಬಾಗಿಲಲ್ಲೇ ತೂಗುಹಾಕುವುದೆಂದಾಯಿತು. ಗುತ್ತಿಗೆಯವರು ಹೋಗಿ ಹೊಸಬಳೊಬ್ಬಳು ಬಂದಳು, ಚುರುಕಿನ ಹೆಂಗಸು. ಎಬೋ ಭಾನುವಾರ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಪಾರ್ಕಿಗೆ ಹೊರಟ.

ಮೊನ್ನೆ ಬೆರಿಲ್ ಮನೆಗೆ ಹೋದೆ. ಮುಂಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದಳು. ಹೊರಗೆ ಹೊಸಬಳು ಮೆಟ್ಟಿಲು ತೊಳೆಯುತ್ತಿದ್ದಳು. ಬೇಕಾದರೆ ಬೆಳಗಾಗೆದ್ದು ನೀನೂ ಒಂದು ಸುತ್ತು ತೊಳೆದು ಬಾ, ಯಾರು ನೋಡುತ್ತಾರೆ ಎಂದೆ. ಹಾಗೆ ಮಾಡಿದರೆ ಲೆಕ್ಕ ಮತ್ತೆ ಸುಳ್ಳಾಗುತ್ತದೆ ಎಂದು ತಲೆಯಾಡಿಸಿದಳು. ಮತ್ತೆ ಇಲ್ಲಿ ಕೂತು ಏನು ಮಾಡುತ್ತಿದ್ದೀಯೆ ಎಂದು ಕೇಳಿದೆ.

“ಇವಳು ಮೂಲೆ ಬಿಡ್ತಾಳೆ ಕಣೆ. ಅವನು ಇವಳಿಗೂ ಬೈತಾನೇನೋ ಅಂತ ಕೇಳ್ತಾ ಇದೀನಿ.”