ನಾನು ಬರೆದ ವಿಚ್ಛೇದನ ಪತ್ರ

"ಕನ್ನಡ ಭಾರೀ ಚಂದ ಉಂಟು. ಬರೆದದ್ದು ಯಾರು?" ಬಿ.ಸಿ.ರೋಡಿನ ವಕೀಲೆ ಛಾಪಾ ಕಾಗದದಿಂದ ತಲೆಯೆತ್ತಿ ಕೇಳಿದರು.

"ನಾನೇ ಮೇಡಂ. ಬಿ.ಎ. ಆಗಿದೆ" ಎಂದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೂರು ವರ್ಷದಿಂದ ಬೇರೆಯಿದ್ದ ಅಕ್ಕ ಮತ್ತು ಭಾವ ಬಿಡುಗಡೆಗೆ ಒಪ್ಪಿದಾಗ, ಪತ್ರ ಬರೆಯುವ ಕೆಲಸವನ್ನು ಹಿರಿಯರು ನನಗೇ ಕೊಟ್ಟಿದ್ದರು. ಇಬ್ಬರ ಸಹಿ, ನಾಲ್ವರು ಸಾಕ್ಷಿಗಳು, ನೋಟರಿ ಸೀಲು ಎಲ್ಲ ಇತ್ತು. ಮುಂದಿನ ತಿಂಗಳು ಮೂಡುಬಿದಿರೆಯ ಒಬ್ಬರೊಂದಿಗೆ ಅಕ್ಕನ ಮರುಮದುವೆ. ಯಾವುದಕ್ಕೂ ವಕೀಲರಿಗೊಮ್ಮೆ ತೋರಿಸುವ ಎಂದು ಅಕ್ಕನೂ ನಾನೂ ಬಂದಿದ್ದೆವು.

"ಎಲ್ಲ ಉಂಟು, ಡೈವೋರ್ಸ್ ಮಾತ್ರ ಇಲ್ಲ ಮಾರಾಯ್ರೆ. ಅದನ್ನು ಕೋರ್ಟೇ ಕೊಡಬೇಕು. ಈಗ ಮದುವೆ ಮಾಡಿದ್ರೆ ನಿಮ್ಮ ಅಕ್ಕನ ಮೇಲೆಯೇ ಕೇಸಾಗ್ತದೆ." ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆಮೇಲೂ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು ಎಂದರು.

ನನ್ನ ಮುಖ ಸಣ್ಣದಾಯಿತು. ಅಕ್ಕ ಮಾತ್ರ ನಕ್ಕುಬಿಟ್ಟಳು. "ನಿನ್ನ ಡಿಗ್ರಿ ನಂಬಿ ನಾನು ಜೈಲಿಗೆ ಹೋಗ್ತಿದ್ದೆನಲ್ಲ ಮಾರಾಯ!"

ಅರ್ಜಿ ಹಾಕಿ ಆಯಿತು. ಮೂಡುಬಿದಿರೆಯವರು ಕಾಯುತ್ತೇನೆ ಎಂದಿದ್ದಾರೆ. ಊರಿನವರು ಪತ್ರ ಬರೆಸಲು ಈಗಲೂ ನನ್ನ ಬಳಿಗೇ ಬರುತ್ತಾರೆ. ಗಂಡ ಹೆಂಡತಿಯ ವಿಷಯವಾದರೆ ಮಾತ್ರ ನಾನು ಪೆನ್ನು ಮುಟ್ಟುವುದಿಲ್ಲ, ಬಿ.ಸಿ.ರೋಡಿನ ಬಸ್ಸು ಹತ್ತಿಸುತ್ತೇನೆ.