ಕುಂಬಳಕಾಯಿ ಕಳ್ಳ ನಾನೇ

ಚಿತ್ರದುರ್ಗದ ಫಲಪುಷ್ಪ ಪ್ರದರ್ಶನದಲ್ಲಿ ಅತಿ ದೊಡ್ಡ ಕುಂಬಳಕಾಯಿಯ ಬಹುಮಾನ ನನಗೆ ಬಂದಿತ್ತು. ಗೆಳೆಯರು ಫೋಟೊ ತೆಗೆದು ಚಹಾಕ್ಕೆ ಹೋದ ಮೇಲೆ ಒಬ್ಬ ಅಜ್ಜಿ ಬಂದು ಆ ಕಾಯಿಯನ್ನು ತಬ್ಬಿಕೊಂಡರು. ನನಗೆ ತಕ್ಷಣ ಗುರುತು ಸಿಕ್ಕಿತು. ನನ್ನ ಬಳ್ಳಿ ಒಣಗಿಹೋಗಿದ್ದರಿಂದ ಹಿರೇಗುಂಟನೂರಿನ ಅವರ ಹೊಲದಿಂದಲೇ ಅದನ್ನು ಕೊಂಡು ತಂದು, ನಾನೇ ಬೆಳೆದೆನೆಂದು ಸ್ಪರ್ಧೆಗಿಟ್ಟಿದ್ದೆ.

ಅಜ್ಜಿ ಬೈಯಲಿಲ್ಲ. "ಕುರಿಗೊಬ್ಬರ ಹಾಕಿ ಮಗೀನಂಗೆ ಸಾಕಿದ್ದೆ ಕಣಪ್ಪ, ಗೆದ್ದೇಬಿಡ್ತಲ್ಲ!" ಎಂದು ನಕ್ಕರು. ಆಮೇಲೆ ಕಾಯಿಗೆ ಅಂಟಿಸಿದ್ದ ಚೀಟಿ ತೋರಿಸಿ, "ನಂಗೆ ಓದಾಕೆ ಬರಲ್ಲ. ಇದ್ರಾಗೆ ನನ್ನ ಹೆಸ್ರು ಬರ್ದೈತಾ?" ಎಂದು ಕೇಳಿದರು.

"ಹೂಂ ಅಜ್ಜಿ, ಬರ್ದೈತೆ" ಎಂದೆ. ಅಲ್ಲಿದ್ದುದು ನನ್ನ ಹೆಸರು. ಅವರು ಚೀಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಿಜ ಹೇಳಲೆಂದು ಆಮೇಲೆ ಎರಡು ಸಲ ಅವರ ಊರಿಗೆ ಹೋದೆ. ಎರಡು ಸಲವೂ ಅವರನ್ನು ದೂರದಿಂದಲೇ ಕಂಡು ಬೈಕ್ ತಿರುಗಿಸಿಕೊಂಡು ಬಂದೆ.